ಸಿಂಹಾಯದ ಗಿಟಾರು

ಮಾಮೂಲಿ ಗಿಟಾರಿಗೆ ಆರು ತಂತಿ, ತಗ್ಗಿನ ದನಿಯ ಬೇಸ್ ಗಿಟಾರಿಗೆ ಇರುವುದೇ ನಾಲ್ಕು. ಉಳಿದ ಎರಡು ಯಾವಾಗ ತುಂಡಾಯಿತು ಎಂದು ಇಪ್ಪತ್ತೆರಡು ವರ್ಷಗಳಿಂದ ಜನ ನನ್ನನ್ನು ಕೇಳುತ್ತಲೇ ಇದ್ದಾರೆ. ಮದುಮಗಳ ಮಾವಂದಿರು ಕೇಳಿದ್ದಾರೆ, ಅಡುಗೆಯವರು ಕೇಳಿದ್ದಾರೆ, ಒಬ್ಬ ಶಾಮಿಯಾನದವನು ನನ್ನ ಬಡತನಕ್ಕೆ ಮರುಗಿ ಒಂದು ಮಾರು ಕಟ್ಟುವ ಸರಿಗೆಯನ್ನೇ ತಂದುಕೊಟ್ಟಿದ್ದಾನೆ. ವಿವರಿಸಿ ವಿವರಿಸಿ ಸಾಕಾಗಿ, ಈಗ ನಾನು ಆ ಎರಡು ತಂತಿಯನ್ನು ಮನೆಯಲ್ಲಿ ಬಟ್ಟೆ ಒಣಗಿಸಲು ಕಟ್ಟಿದ್ದೇವೆ ಎನ್ನುತ್ತೇನೆ. ಹೆಚ್ಚಿನವರು ನಂಬುತ್ತಾರೆ.

ನರಿಕೊಂಬಿನಲ್ಲಿ ನನ್ನದು ಮೋಟಾರು ವೈಂಡಿಂಗ್ ಕೆಲಸ. ಮನೆಗೆ ತಾಗಿದ ಶೀಟಿನ ಶೆಡ್ಡೇ ಅಂಗಡಿ. ಹೊಳೆಬದಿಯ ಪಂಪುಗಳು ಸುಟ್ಟಾಗ ನನ್ನ ಮುಂದೆ ಬಂದು ಬೀಳುತ್ತವೆ. ಸುಟ್ಟ ತಾಮ್ರ ಕಿತ್ತು ಹೊಸ ತಾಮ್ರ ಸುತ್ತಿ ಕೊಡುತ್ತೇನೆ. ಮದುವೆಯ ಕಾಲದಲ್ಲಿ ವಾರಕ್ಕೆ ಎರಡು ಮೂರು ದಿನ ಆರ್ಕೆಸ್ಟ್ರಾದಲ್ಲಿ ಬೇಸ್ ಬಾರಿಸುತ್ತೇನೆ. ಆರ್ಕೆಸ್ಟ್ರಾದಲ್ಲಿ ಹಾಡುವವರನ್ನು ಜನ ನೋಡುತ್ತಾರೆ, ಕೀಬೋರ್ಡಿನವನನ್ನು ನೋಡುತ್ತಾರೆ, ಡ್ರಮ್ಮಿನವನನ್ನು ನೋಡದೆ ಇರಲು ಸಾಧ್ಯವಿಲ್ಲ. ಹಿಂದೆ ಸ್ಪೀಕರಿನ ಪಕ್ಕದಲ್ಲಿ ಒಬ್ಬ ನಿಂತಿರುತ್ತಾನಲ್ಲ, ಕರೆಂಟಿನವನೋ ಏನೋ ಎಂದು ನೀವು ಅಂದುಕೊಳ್ಳುವವನು, ಅವನು ನಾನು.

ಈ ಸಲ ಫೆಬ್ರವರಿಯಲ್ಲಿ ಬೆಳ್ತಂಗಡಿಯ ಹತ್ತಿರ ಒಂದು ಮೆಹೆಂದಿ ಕಾರ್ಯಕ್ರಮ ಇತ್ತು. ನಮ್ಮ ಆರ್ಕೆಸ್ಟ್ರಾದ ಯಜಮಾನ ರೋಹಿತ್. ಅವನ ಅಪ್ಪ ಕಟ್ಟಿದ ತಂಡ. ಅಪ್ಪ ತೀರಿಕೊಂಡ ಮೇಲೆ ಮಗನಿಗೆ ಬಂತು, ನನ್ನ ಸಮೇತ. ಅವನು ಹೊಸ ಕೀಬೋರ್ಡು ತಂದಿದ್ದ. ಅದರಲ್ಲಿ ಒಂದು ಗುಂಡಿ ಒತ್ತಿದರೆ ಎಡಗೈಯ ಕಡೆ ಬೇಸ್ ಬರುತ್ತದಂತೆ. ಸಾಮಾನು ಕಟ್ಟುವ ಹೊತ್ತಿಗೆ ನನ್ನ ಹತ್ತಿರ ಬಂದ.

"ಮೋನಪ್ಪಣ್ಣ, ಬೇಜಾರು ಮಾಡ್ಬೇಡಿ. ಇನ್ನು ಬೇಸ್ ನಾನೇ ಎಡಗೈಯಲ್ಲಿ ಸುಧಾರಿಸ್ತೇನೆ. ಅಲ್ಲ, ನಿಮ್ಮದು ಯಾರಿಗೆ ಕೇಳ್ತದೆ ಹೇಳಿ?"

ಅವನು ಇದನ್ನು ಮೆಲ್ಲಗೆ ಹೇಳಿದ್ದರೆ ನಾನು ಮನೆಗೆ ಬಂದು ಕುಸುಮನ ಹತ್ತಿರ ಬೈದು ಮಲಗುತ್ತಿದ್ದೆ. ಆದರೆ ಅವನ ಮುಂದೆ ಮೈಕ್ ಇನ್ನೂ ಆನ್ ಇತ್ತು. ಮದುಮಗಳ ಮನೆಯವರು, ಊಟ ಬಡಿಸುವವರು, ಕೈ ಒಣಗಲಿ ಎಂದು ಎರಡೂ ಅಂಗೈ ಚಾಚಿ ಕೂತಿದ್ದ ಹೆಂಗಸರು, ಎಲ್ಲರೂ ತಿರುಗಿ ನೋಡಿದರು. ನನ್ನನ್ನು ಅವರು ನೋಡಿದ್ದು ಅದೇ ಮೊದಲು.

ಸಿಟ್ಟು ಬಂದಾಗ ಕೈಯಲ್ಲಿ ಏನಿದೆ ಎಂದು ನೋಡುವ ಅಭ್ಯಾಸ ನನಗಿಲ್ಲ. ಇದ್ದದ್ದು ಗಿಟಾರು. ಎಸೆದೆ. ಅದು ಮುರಕಲ್ಲಿನ ಮೆಟ್ಟಿಲಿಗೆ ಬಡಿದು ಕುತ್ತಿಗೆಯಲ್ಲಿ ತುಂಡಾಯಿತು. ಅದು ಮುರಿದ ಶಬ್ದ ಮಾತ್ರ ಅಲ್ಲಿದ್ದವರಿಗೆಲ್ಲ ಚೆನ್ನಾಗಿ ಕೇಳಿರಬೇಕು.

ರೋಹಿತ್ ಕೋಪಿಸಿಕೊಳ್ಳಲಿಲ್ಲ. ಈಗಿನವರಿಗೆ ಕೋಪ ಬರುವುದಿಲ್ಲ, ಅದಕ್ಕೇ ಅವರ ಮೇಲೆ ನನಗೆ ಇನ್ನಷ್ಟು ಕೋಪ. ಮೇ ತಿಂಗಳಲ್ಲಿ ಮೂಡುಬಿದಿರೆಯಲ್ಲಿ ಒಂದು ದೊಡ್ಡ ಮದುವೆ ಉಂಟು, ಅಷ್ಟರಲ್ಲಿ ಗಿಟಾರು ತಂದರೆ ಬನ್ನಿ, ಇಲ್ಲದಿದ್ದರೆ ತೊಂದರೆ ಇಲ್ಲ, ನೀವು ಆರಾಮ ಮಾಡಿ ಎಂದ. ಆರಾಮ ಮಾಡಿ ಎನ್ನುವುದನ್ನು ನಮ್ಮಲ್ಲಿ ಮುದುಕರಿಗೆ ಹೇಳುತ್ತಾರೆ. ನಾನು ಎಲ್ಲರ ಮುಂದೆ ಹೇಳಿದೆ: "ಅಂಗಡಿಯದ್ದು ತರುವುದಿಲ್ಲ. ನನ್ನ ಕೈಯಿಂದಲೇ ಮಾಡಿ ತರ್ತೇನೆ. ಅಷ್ಟರವರೆಗೆ ನಿನ್ನ ಎಡಗೈ ಕಿಸೆಯಲ್ಲಿಟ್ಟುಕೋ."

ಹೇಳಿದ ಮೇಲೆ ವ್ಯಾನಿನಲ್ಲಿ ಬರುತ್ತಾ ನನಗೆ ಹೊಳೆಯಿತು: ನಾನು ಈ ತನಕ ಮರದಲ್ಲಿ ಮಾಡಿದ ಒಂದೇ ವಸ್ತು ಒಂದು ಸ್ಟೂಲು, ಅದರ ಮೇಲೆ ಕುಸುಮ ಯಾರನ್ನೂ ಕೂರಲು ಬಿಡುವುದಿಲ್ಲ.

ಮರಕ್ಕೆ ತೊಂದರೆ ಇರಲಿಲ್ಲ. ನಾವು ದನ ಕೊಟ್ಟು ಒಂಬತ್ತು ವರ್ಷ ಆಯಿತು, ಹಟ್ಟಿಯ ಬಾಗಿಲು ಮಾತ್ರ ಇನ್ನೂ ಯಾವುದೋ ದನವನ್ನು ಕಾಯುತ್ತಾ ನಿಂತಿತ್ತು. ಒಳ್ಳೆಯ ಹಲಸು, ಒಂದೂವರೆ ಇಂಚು ದಪ್ಪ. ಅದನ್ನು ಕಿತ್ತು ತಂದು ಶೆಡ್ಡಿನ ಮೇಜಿನ ಮೇಲೆ ಮಲಗಿಸಿ, ಮುರಿದ ಗಿಟಾರಿನ ಹೊಟ್ಟೆಯನ್ನು ಅದರ ಮೇಲಿಟ್ಟು ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಕೊಯ್ದು ಉಜ್ಜಿದ ಮೇಲೆ ಒಳಗಿನಿಂದ ಅರಿಶಿನದ ಬಣ್ಣ ಬಂತು. ಆ ದಿನ ಮೊದಲ ಬಾರಿಗೆ ನನ್ನ ಮಾತು ಸುಳ್ಳಾಗಲಿಕ್ಕಿಲ್ಲ ಎನಿಸಿತು.

ಶೆಡ್ಡಿಗೆ ಬರುವ ಗಿರಾಕಿಗಳೆಲ್ಲ ಸಹಾಯ ಮಾಡಿದರು, ಬಾಯಿಯಿಂದ. ಮಹಮ್ಮದ್ ಕುಂಞಿ ಎನ್ನುವ ನನ್ನ ಹಳೆಯ ಗಿರಾಕಿ ತನ್ನ ಮೋಟಾರು ಆಗಿಲ್ಲವಾ ಎಂದು ಕೇಳಲು ಬಂದವರು, ಹಲಗೆಯನ್ನು ಕೈಯಲ್ಲಿ ಎತ್ತಿ ನೋಡಿ, ಇಷ್ಟು ಭಾರದ ಹುಟ್ಟು ಹಾಕಿದರೆ ದೋಣಿ ಮುಳುಗುತ್ತದೆ ಎಂದರು. ಇದು ವಾದ್ಯ ಎಂದೆ. ಬಹಳ ಹೊತ್ತು ಆಲೋಚಿಸಿ, ಹಾಗಾದರೆ ನನ್ನ ಮೋಟಾರು ಯಾವಾಗ ಎಂದು ಕೇಳಿದರು.

ಗಿಟಾರಿನ ಶಬ್ದವನ್ನು ಸ್ಪೀಕರಿಗೆ ಕಳಿಸುವುದಕ್ಕೆ ತಂತಿಯ ಕೆಳಗೆ ಒಂದು ಪಿಕಪ್ ಇರುತ್ತದೆ. ದೊಡ್ಡ ವಿದ್ಯೆ ಏನಲ್ಲ: ಅಯಸ್ಕಾಂತದ ಸುತ್ತ ತಾಮ್ರದ ಕಾಯಿಲ್. ಅಂದರೆ ನನ್ನ ಹೊಟ್ಟೆಪಾಡು. ಆದರೆ ಪಂಪಿನ ತಂತಿ ಇದರ ಮುಂದೆ ದಾರದ ಮುಂದಿನ ಹಗ್ಗ. ಇದಕ್ಕೆ ಬೇಕಾದದ್ದು ತಲೆಕೂದಲಿಗಿಂತ ಸಪೂರದ ತಂತಿ, ಬೆಂಗಳೂರಿನಿಂದ ತರಿಸಿದೆ. ಸುಮಾರು ಎಂಟು ಸಾವಿರ ಸುತ್ತು. ಮೊದಲ ಸಲ ಮುನ್ನೂರಕ್ಕೆ ತುಂಡಾಯಿತು. ಎರಡನೇ ಸಲ ಎರಡು ಸಾವಿರಕ್ಕೆ. ಮೂರನೇ ಸಲ ಆರು ಸಾವಿರ ದಾಟಿದಾಗ ಕುಸುಮ ಬಾಗಿಲಲ್ಲಿ ನಿಂತು ಚಹಾ ಬೇಕಾ ಎಂದು ಕೇಳಿದಳು, ಅಷ್ಟೇ. ಆ ಮೇಲೆ ಎರಡು ದಿನ ನಮ್ಮ ಮನೆಯಲ್ಲಿ ಚಹಾ ಇರಲಿಲ್ಲ, ಮಾತೂ ಇರಲಿಲ್ಲ. ನಾಲ್ಕನೆಯದು ಆಯಿತು. ಅದನ್ನು ಮೋಟಾರಿನ ಕಾಯಿಲಿನ ಹಾಗೆಯೇ ವಾರ್ನಿಶಿನಲ್ಲಿ ಅದ್ದಿ ಒಣಗಿಸಿದೆ. ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಾಗಿಸಿದರೆ ಸ್ಪೀಕರು ಟಕ್ ಎಂದಿತು. ನಾನು ಕುಸುಮನನ್ನು ಕರೆದು ತೋರಿಸಿದೆ. ಟಕ್ ಎಂದಿತು ಎಂದಳು. ಅದಕ್ಕಿಂತ ಹೆಚ್ಚು ಹೊಗಳಿಕೆ ಆ ವಾರ ನನಗೆ ಸಲ್ಲುತ್ತಿರಲಿಲ್ಲ.

ಇನ್ನು ಕುತ್ತಿಗೆ. ಅದರ ಮೇಲೆ ಅಡ್ಡಕ್ಕೆ ಲೋಹದ ಗೆರೆಗಳಿರುತ್ತವೆ, ಬೆರಳು ಎಲ್ಲಿ ಒತ್ತಿದರೆ ಯಾವ ಸ್ವರ ಎಂದು ಹೇಳುವವು. ಅವು ಬೇಕಾದ ಹಾಗೆ ಹಾಕುವಂಥದ್ದಲ್ಲ. ತಂತಿ ತಲೆಯಿಂದ, ಬುಡದಲ್ಲಿ ಅದನ್ನು ಹೊತ್ತಿರುವ ಬ್ರಿಜ್ಜಿನವರೆಗೆ ಎಷ್ಟು ಉದ್ದ ಇದೆ ಎನ್ನುವುದೇ ಮೂಲ. ಅದನ್ನು ಹದಿನೇಳೂ ಚಿಲ್ಲರೆಯಿಂದ ಭಾಗಿಸಿದರೆ ಮೊದಲ ಗೆರೆ, ಉಳಿದ ಉದ್ದವನ್ನು ಪುನಃ ಅದರಿಂದಲೇ ಭಾಗಿಸಿದರೆ ಎರಡನೆಯದು, ಹೀಗೆ ಇಪ್ಪತ್ತು ಸಲ. ಏಳನೇ ಕ್ಲಾಸಿನಲ್ಲಿ ನನಗೆ ಭಾಗಾಕಾರ ಕಲಿಸಲು ಬೆತ್ತ ಮುರಿದ ಮಾಸ್ತರರು ಈಗ ಇದ್ದಿದ್ದರೆ ಸಂತೋಷಪಡುತ್ತಿದ್ದರು. ಉದ್ದ ಮೂವತ್ತನಾಲ್ಕು ಇಂಚು. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ಎಲ್ಲ ಕಡೆ ಅಷ್ಟೇ. ಲೆಕ್ಕ ಹಾಕಿ, ಕುತ್ತಿಗೆಯ ಮೇಲೆ ಕೂರುವ ಬೀಟಿ ಮರದ ಪಟ್ಟಿಯಲ್ಲಿ ಗರಗಸದಿಂದ ಗೆರೆ ಕೊಯ್ದು, ಲೋಹ ಕೂರಿಸಿ, ಮುಂದಿನ ಜನ್ಮದಲ್ಲೂ ಏಳಬಾರದು ಎಂದು ಆರಾಲ್ಡೈಟ್ ಹಾಕಿ ಅಂಟಿಸಿದೆ.

ಕುತ್ತಿಗೆಯನ್ನು ಹೊಟ್ಟೆಗೆ ಕೂಡಿಸುವ ಕೆಲಸ ಮಾತ್ರ ನನ್ನ ಸ್ಟೂಲಿನ ವಿದ್ಯೆಗೆ ಮೀರಿದ್ದು. ಪಾಣೆಮಂಗಳೂರಿನಿಂದ ಶಂಭು ಆಚಾರಿಯವರನ್ನು ಕರೆಸಿದೆ. ಎಪ್ಪತ್ತರ ಹತ್ತಿರದ ಮನುಷ್ಯ. ಸುತ್ತಮುತ್ತ ಅವರು ಮಾಡಿದ ಬಾಗಿಲುಗಳು ಈಗಲೂ ಒಂದೇ ಬೆರಳಿನಲ್ಲಿ ತೆರೆಯುತ್ತವೆ. ಎರಡು ದಿನ ಶೆಡ್ಡಿಗೇ ಬಂದು ಮಾಡಿಕೊಟ್ಟರು. ಮೊದಲ ದಿನ ಪಕ್ಕದಲ್ಲೇ ನಿಂತು ಎಲ್ಲ ವಿವರಿಸಿದೆ. ತಂತಿಯ ಉದ್ದವೇ ಇದರ ಜೀವ ಆಚಾರ್ರೇ, ಮೂವತ್ತನಾಲ್ಕು ಇಂಚು, ಉಳಿದದ್ದೆಲ್ಲ ಶೃಂಗಾರ ಎಂದು ದೊಡ್ಡ ಪಂಡಿತನ ಹಾಗೆ ಹೇಳಿದೆ. ಅವರು ತಲೆಯಾಡಿಸಿ ಕೇಳಿದರು. ಗೌರವದಿಂದ ಕೇಳಿದರು ಎಂದು ನಾನು ತಿಳಿದುಕೊಂಡೆ.

ಎರಡನೇ ದಿನ ಕಲ್ಲಡ್ಕದಲ್ಲಿ ಒಂದು ಬೋರ್‌ವೆಲ್ಲಿನ ಪಂಪು ಎತ್ತಲಿಕ್ಕಿತ್ತು, ಹೋದೆ. ಬರುವಷ್ಟರಲ್ಲಿ ಆಚಾರಿಯವರು ಕುತ್ತಿಗೆ ಕೂಡಿಸಿ, ಬ್ರಿಜ್ಜು ಕೂರುವ ಗುಂಡಿಯನ್ನು ಉಳಿಯಲ್ಲಿ ತೆಗೆದು, ತೂತು ಕೊರೆದು, ಕೈ ತೊಳೆದು ಹೋಗಿದ್ದರು. ಕೂಡಿಸಿದ ಜಾಗದಲ್ಲಿ ಉಗುರು ಎಳೆದರೂ ಸಂದು ಸಿಗುವಂತಿರಲಿಲ್ಲ. ನಾನು ಅಳೆಯಲಿಲ್ಲ. ಅಂಥ ಕೆಲಸವನ್ನು ಅಳೆಯುವುದು ಅವಮಾನ ಎನಿಸಿತು. ಹಿತ್ತಾಳೆಯ ತುಂಡಿನಲ್ಲಿ ನಾನೇ ಮಾಡಿದ ಬ್ರಿಜ್ಜನ್ನು ಆ ಗುಂಡಿಯಲ್ಲಿ ಕೂರಿಸಿ, ಅದರ ಮುಂದೆಯೇ ಪಿಕಪ್ ಇಟ್ಟು, ಅದಕ್ಕೂ ಆರಾಲ್ಡೈಟ್ ಸುರಿದೆ. ನನಗೆ ಸ್ಕ್ರೂ ಮೇಲೆ ನಂಬಿಕೆ ಇಲ್ಲ.

ಮೂಡುಬಿದಿರೆಗೆ ಮೂರು ದಿನ ಇರುವಾಗ ತಂತಿ ಹಾಕಿದೆ. ಏನೂ ಒತ್ತದೆ ದಪ್ಪ ತಂತಿಯನ್ನು ಒಮ್ಮೆ ಮೀಟಿದೆ. ಶೆಡ್ಡಿನ ಶೀಟು ನಡುಗಿತು. ಮೇಜಿನ ಮೇಲಿದ್ದ ನಟ್ಟು ಬೋಲ್ಟುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಅಂಗಡಿಯ ಗಿಟಾರಿನಲ್ಲಿ ಇಪ್ಪತ್ತೆರಡು ವರ್ಷ ಬಾರಿಸಿದ್ದೇನೆ, ಇಂಥ ದನಿ ಕೇಳಿದವನಲ್ಲ. ಹಟ್ಟಿಯ ಬಾಗಿಲು ಒಳಗೆ ಇಷ್ಟನ್ನು ಇಟ್ಟುಕೊಂಡು ಇಷ್ಟು ವರ್ಷ ಸುಮ್ಮನಿತ್ತಲ್ಲ ಎಂದು ಅದರ ಮೇಲೂ ಸಿಟ್ಟು ಬಂತು.

ಆಮೇಲೆ ಬೆರಳು ಒತ್ತಿ ಬಾರಿಸಿದೆ. ಮೂರನೇ ಗೆರೆ, ಐದನೇ ಗೆರೆ, ಪರವಾಗಿಲ್ಲ. ಏಳಕ್ಕೆ ಬಂದಾಗ ಏನೋ ಕಹಿ. ಹನ್ನೆರಡನೆಯದರಲ್ಲಿ ಮೊದಲಿನ ಸ್ವರವೇ ಎತ್ತರದಲ್ಲಿ ಬರಬೇಕು. ಬಂದದ್ದು ಅದೂ ಅಲ್ಲ, ಅದರ ಕೆಳಗಿನದ್ದೂ ಅಲ್ಲ. ಎರಡರ ನಡುವೆ ಕಾಲು ಜಾರಿ ಬಿದ್ದದ್ದು. ತಂತಿ ಬದಲಿಸಿ ನೋಡಿದೆ. ಮೊಬೈಲಿನಲ್ಲಿ ಶ್ರುತಿ ನೋಡುವ ಆ್ಯಪ್ ಹಾಕಿದೆ. ಅದರ ಮುಳ್ಳು ಎಡಕ್ಕೆ ಬಿದ್ದು ಏಳಲೇ ಇಲ್ಲ. ಕೊನೆಗೆ, ಮಾಡಬಾರದೆಂದು ಬಿಟ್ಟ ಕೆಲಸ ಮಾಡಿದೆ. ಟೇಪು ಹಿಡಿದೆ.

ಮೂವತ್ತೈದು.

ಗೆರೆಗಳು ಮೂವತ್ತನಾಲ್ಕರ ಲೆಕ್ಕದವು, ತಂತಿ ಮೂವತ್ತೈದು. ಒಂದು ಇಂಚು ಹಿಂದೆ ಗುಂಡಿ ತೆಗೆದಿದ್ದಾರೆ. ಕೈ ತಪ್ಪಿ ಕಾಲು ಇಂಚು ಆಚೀಚೆ ಆಗಬಹುದು. ಶಂಭು ಆಚಾರಿಯ ಉಳಿ ಕೈತಪ್ಪಿ ಸರಿಯಾಗಿ ಒಂದು ಇಂಚು ಹೋಗುವುದಿಲ್ಲ. ಸ್ಕೂಟರ್ ತೆಗೆದು ಪಾಣೆಮಂಗಳೂರಿಗೆ ಹೋದೆ. ದಾರಿಯಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿಕೊಂಡೇ ಹೋದ ಕಾರಣ ಅವರ ಅಂಗಳಕ್ಕೆ ಮುಟ್ಟುವಾಗ ಅರ್ಧ ಬೈಗುಳ ಖಾಲಿಯಾಗಿತ್ತು.

ಆಚಾರಿಯವರು ಜಗಲಿಯಲ್ಲಿ ಕೂತು ಗರಗಸದ ಹಲ್ಲು ಮಸೆಯುತ್ತಿದ್ದರು. ಒಂದು ಇಂಚು ಎಲ್ಲಿಂದ ಬಂತು ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ.

"ನಾನು ಸೇರಿಸಿದ್ದು."

"ಯಾಕೆ?"

"ಮೂವತ್ತನಾಲ್ಕು ಧೂಮಾಯ."

ಇದು ಏನೆಂದು ಹೊರಗಿನವರಿಗೆ ಹೇಳಬೇಕು. ನಮ್ಮಲ್ಲಿ ಮರದ ಕೆಲಸದವರು ಬಾಗಿಲಿಗಾಗಲಿ ಮಂಚಕ್ಕಾಗಲಿ ಅಳತೆ ಇಡುವಾಗ ಆಯ ನೋಡುತ್ತಾರೆ. ಅಳತೆಯನ್ನು ಎಂಟರಿಂದ ಭಾಗಿಸಿ, ಉಳಿಯುವ ಸಂಖ್ಯೆ ನೋಡುವುದು. ಒಂದು ಉಳಿದರೆ ಧ್ವಜ, ಎರಡು ಉಳಿದರೆ ಧೂಮ, ಮೂರು ಸಿಂಹ, ನಾಲ್ಕು ನಾಯಿ, ಹೀಗೆ ಮುಂದಕ್ಕೆ, ಏನೂ ಉಳಿಯದಿದ್ದರೆ ಎಂಟು ಎಂದು ಲೆಕ್ಕ. ಒಂಟಿ ಸಂಖ್ಯೆ ಒಳ್ಳೆಯದು, ಜೋಡಿ ಸಂಖ್ಯೆ ಕೆಟ್ಟದು. ಶಾಸ್ತ್ರದಲ್ಲಿ ಇದು ಅಂಗುಲದ ಲೆಕ್ಕ. ಟೇಪಿನಲ್ಲಿ ಅಂಗುಲ ಇಲ್ಲದ ಕಾರಣ ಆಚಾರಿಯವರು ಇಂಚನ್ನೇ ಅಂಗುಲ ಎಂದು ಒಪ್ಪಿಕೊಂಡಿದ್ದಾರೆ. ಶಾಸ್ತ್ರ ಅಷ್ಟರ ಮಟ್ಟಿಗೆ ಮುಂದುವರಿದಿದೆ. ಮೂವತ್ತನಾಲ್ಕನ್ನು ಎಂಟರಿಂದ ಭಾಗಿಸಿದರೆ ಉಳಿಯುವುದು ಎರಡು. ಧೂಮ, ಅಂದರೆ ಹೊಗೆ. ಒಲೆಯ ಬುಡಕ್ಕೆ ಆಗುತ್ತದೆ, ಬೇರೆ ಯಾವುದಕ್ಕೂ ಆಗುವುದಿಲ್ಲ. ಮೂವತ್ತೈದಾದರೆ ಸಿಂಹ.

ನಾನು ಹದಿನೇಳೂ ಚಿಲ್ಲರೆಯಿಂದ ಭಾಗಿಸಿದೆ, ಆಚಾರಿಯವರು ಎಂಟರಿಂದ ಭಾಗಿಸಿದರು. ಭಾಗಾಕಾರ ಇಬ್ಬರದ್ದೂ ಸರಿಯಾಗಿತ್ತು.

"ಇದು ಬಾಗಿಲಲ್ಲ ಆಚಾರ್ರೇ. ಲೋಕದಲ್ಲಿರುವ ಗಿಟಾರೆಲ್ಲ ಮೂವತ್ತನಾಲ್ಕೇ."

"ಹಾಗಾಗಿಯೇ ಮುರಿಯುವುದು."

"ಯಾವುದು ಮುರಿಯಿತು?"

ಆಗ ಅವರು ತಲೆ ಎತ್ತಿದರು. "ನಿನ್ನದು ಮುರಿಯಲಿಲ್ಲವಾ? ಅದು ಎಷ್ಟು ಇಂಚಿನದ್ದು?"

ಅದನ್ನು ನಾನು ಎಸೆದದ್ದು ಎನ್ನಬೇಕಾಯಿತು. ಎಸೆಯುವ ಬುದ್ಧಿ ಸುಮ್ಮನೆ ಬರುವುದಿಲ್ಲ ಎಂದರು ಆಚಾರಿಯವರು. ತಾನು ಕೇಳದೆ ಮಾಡಿದ್ದೂ ಅಲ್ಲವಂತೆ. ನಾನು ಕಲ್ಲಡ್ಕಕ್ಕೆ ಹೋಗಿದ್ದಾಗ ಕುಸುಮನ ಹತ್ತಿರ ಕೇಳಿದ್ದಾರೆ, ಜೀವ ಇರುವುದು ಉದ್ದದಲ್ಲಿ ಅಂತ ಅವನೇ ಹೇಳಿದ್ದಾನೆ, ಆ ಉದ್ದವೇ ಸರಿಯಿಲ್ಲ, ಏನು ಮಾಡುವ ಎಂದು. ಅವಳು, ಆಯ ನೋಡಿಯೇ ಇಡಿ ಆಚಾರ್ರೇ, ಇದನ್ನೂ ಬಿಸಾಡಿದರೆ ಮನೆಯಲ್ಲಿ ಬೇರೆ ಬಾಗಿಲು ಇಲ್ಲ ಎಂದಳಂತೆ.

ಮನೆಗೆ ಬಂದು ಕುಸುಮನನ್ನು ಕೇಳಿದೆ. ಅವಳು ಪಾತ್ರೆ ತೊಳೆಯುತ್ತಿದ್ದವಳು ನಿಲ್ಲಿಸಲಿಲ್ಲ.

"ಹೌದು, ನಾನೇ ಹೇಳಿದ್ದು. ನಿಮ್ಮ ಸಿಟ್ಟಿಗೆ ಯಾವ ಆಯವೂ ತಾಗುವುದಿಲ್ಲ ಅಂತ ನನಗೆ ಗೊತ್ತುಂಟು. ಆದರೂ ಒಂದು ಇಂಚಿನಲ್ಲಿ ಸರಿಯಾಗುವುದಾದರೆ ಆಗಲಿ ಅಂತ."

ಶೆಡ್ಡಿಗೆ ಹೋಗಿ ದಾರಿ ಹುಡುಕಿದೆ. ಬ್ರಿಜ್ಜನ್ನು ಒಂದು ಇಂಚು ಮುಂದೆ ತರುವ ಎಂದರೆ ಅಲ್ಲಿ ಪಿಕಪ್ ಕೂತಿದೆ. ಕಿತ್ತರೆ ಎಂಟು ಸಾವಿರ ಸುತ್ತು ಹೋಯಿತು. ಗೆರೆಗಳನ್ನು ಕಿತ್ತು ಮೂವತ್ತೈದರ ಲೆಕ್ಕಕ್ಕೆ ಹಾಕುವ ಎಂದರೆ ಹೊಸ ಪಟ್ಟಿ ಬೇಕು, ಗೆರೆಯ ಲೋಹ ಬೆಂಗಳೂರಿನಿಂದ ಬರಲು ಎಂಟು ದಿನ. ಎರಡು ಕಡೆಯೂ ದಾರಿ ಮುಚ್ಚಿದವನು ಆಚಾರಿಯಲ್ಲ, ಆರಾಲ್ಡೈಟು ಹಿಡಿದ ನಾನು. ಇದನ್ನು ಇಲ್ಲಿ ಬರೆಯುತ್ತಿದ್ದೇನೆ, ಪಾಣೆಮಂಗಳೂರಿನಲ್ಲಿ ಯಾರೂ ಓದಬೇಕೆಂದಿಲ್ಲ.

ಆ್ಯಪ್ ಹಿಡಿದು ಒಂದೊಂದೇ ಗೆರೆ ನೋಡಿದೆ. ಐದನೆಯದರವರೆಗೆ ತಪ್ಪು ಇದ್ದರೂ ಮದುವೆಯ ಗದ್ದಲದಲ್ಲಿ ಕಿವಿಗೆ ಸಿಗುವಂಥದ್ದಲ್ಲ. ಅದರಿಂದ ಮೇಲೆ ಹೋಗದಿದ್ದರೆ ಆಯಿತು. ನಾಲ್ಕು ತಂತಿ, ಐದು ಗೆರೆ. ಬೇಸಿನವನಿಗೆ ಅಷ್ಟು ಜಾಗ ಧಾರಾಳ ಎಂದು ರೋಹಿತ್ ಹೇಳಬಹುದು. ಹಾಡುಗಳನ್ನೆಲ್ಲ ಆ ಐದು ಗೆರೆಯೊಳಗೆ ಕೂರಿಸಲು ಮೂರು ದಿನ ಹಿಡಿಯಿತು.

ಮೂಡುಬಿದಿರೆಯ ಮದುವೆ ಮಧ್ಯಾಹ್ನದ್ದು. ದೊಡ್ಡ ಹಾಲು, ಒಂದು ಬದಿಯಲ್ಲಿ ವೇದಿಕೆ, ಆ ಕಡೆ ಗಂಡು ಹೆಣ್ಣಿನ ಜೊತೆ ಫೋಟೋಕ್ಕೆ ನಿಂತವರ ಸಾಲು, ಈ ಕಡೆ ಊಟಕ್ಕೆ ನಿಂತವರ ಸಾಲು. ಎರಡೂ ಸಾಲಿನವರು ನಮಗೆ ಬೆನ್ನು ಹಾಕಿದ್ದರು. ರೋಹಿತ್ ನನ್ನ ಗಿಟಾರನ್ನು ನೋಡಿ, ಒಳ್ಳೆ ಬಣ್ಣ ಎಂದ. ನಮ್ಮ ಡ್ರಮ್ಮಿನವ ಅಬ್ದುಲ್ ಸಲಾಂ, ನನ್ನ ಪ್ರಾಯದವನೇ, ಪಾಣೆಮಂಗಳೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಅವನು ಬೆರಳಿನಿಂದ ಹಲಗೆ ತಟ್ಟಿ, ಹಲಸು, ಹಣ್ಣು ಬಿಡ್ತದಾ ಎಂದು ಕೇಳಿದ. ಹಾಡುವವಳು ವಿಜೇತಾ. ಅವಳಿಗೆ ತನ್ನ ಗಂಟಲಿನ ಚಿಂತೆ.

ಶುರು ಮಾಡಿದೆವು. ನಾನು ಐದರೊಳಗೆ ಕುತ್ತಿಗೆ ಬಗ್ಗಿಸಿ ಬಾರಿಸಿದೆ. ಒಂದು ಹಾಡು, ಎರಡು ಹಾಡು, ಐದು ಹಾಡು. ಯಾರೂ ಏನೂ ಹೇಳಲಿಲ್ಲ. ಬದುಕಿದೆ ಎಂದುಕೊಂಡೆ. ಆರನೆಯದರಲ್ಲಿ ಏನೋ ಅನುಮಾನ ಬಂದು ಒಂದು ಸಾಲು ಬಾರಿಸದೆ ಬಿಟ್ಟೆ. ಬೇಸ್ ಕೇಳುತ್ತಲೇ ಇತ್ತು. ರೋಹಿತನ ಎಡಗೈ ನೋಡಿದೆ. ಅದು ಕಿಸೆಯಲ್ಲಿರಲಿಲ್ಲ.

ಅಂದರೆ ಮೊದಲಿನಿಂದಲೂ ಅವನು ನನ್ನ ಮೇಲೆಯೇ ಬಾರಿಸುತ್ತಿದ್ದ. ಮೂರು ತಿಂಗಳು ಮರ ಕೊರೆದು, ತಾಮ್ರ ಸುತ್ತಿ, ಹೆಂಡತಿಯ ಚಹಾ ಕಳೆದುಕೊಂಡು ಮಾಡಿದ ಗಿಟಾರು ನನ್ನ ಹೆಗಲಲ್ಲಿ ಶೃಂಗಾರಕ್ಕೆ ನೇತಾಡುತ್ತಿತ್ತು. ತಪ್ಪು ಯಾರಿಗೂ ಕೇಳದಿರಲಿ ಎಂದು ಮೂರು ದಿನ ಪ್ರಾರ್ಥಿಸಿದ್ದೆ. ಯಾರಿಗೂ ಕೇಳಿರಲಿಲ್ಲ, ಸರಿಯಾಗಿ ಬಾರಿಸಿದ್ದೂ ಸೇರಿ.

ಮುಂದಿನದು ನಿಧಾನದ ಹಾಡು. ವಿಜೇತಾ ಕಣ್ಣು ಮುಚ್ಚಿ ಎತ್ತಿಕೊಂಡಳು. ನಾನು ಕೈಯನ್ನು ಐದು ದಾಟಿಸಿ ಸೀದಾ ಹನ್ನೆರಡಕ್ಕೆ ತಂದೆ. ಗೊತ್ತಿದ್ದೇ ತಂದೆ. ತಪ್ಪು ಸ್ವರಕ್ಕೆ ನಾಲ್ಕು ಬೆರಳಿನ ಬಲ ಕೊಟ್ಟು ಮೀಟಿದೆ.

ವಿಜೇತಾಳ ಕಣ್ಣು ತೆರೆಯಿತು. ಅವಳ ದನಿ ಯಾವ ಕಡೆ ಹೋಗುವುದೆಂದು ತಿಳಿಯದೆ ಅಲ್ಲೇ ಅಲ್ಲಾಡಿತು. ರೋಹಿತ್ ತಿರುಗಿದ. ಮುಚ್ಚಿಹಾಕಲು ಎಡಗೈಯನ್ನು ಇನ್ನೂ ಜೋರು ಮಾಡಿದ. ಅದು ಸರಿಯಾದ ಸ್ವರ, ನನ್ನದು ಅದರ ಪಕ್ಕದ್ದು. ಎರಡು ದನಿ ಒಂದನ್ನೊಂದು ಕಚ್ಚಿ ಹಾಲಿನ ತುಂಬ ಗೂಂಯ್ ಗೂಂಯ್ ಎಂದು ಓಡಾಡಿದವು. ಊಟದ ಸಾಲಿನಲ್ಲಿ ಒಬ್ಬರು ಜನರೇಟರ್ ಕಡೆ ನೋಡಿದರು. ಹೇಗೋ ಹಾಡು ಮುಗಿಯಿತು. ಮೈಕ್ ಬಂದ್ ಮಾಡಲು ರೋಹಿತನಿಗೆ ಈ ಸಲ ನೆನಪಿತ್ತು.

ಅವನು ಬಾಯಿ ತೆರೆಯುವ ಮೊದಲೇ ಸಲಾಂ ಕೋಲುಗಳನ್ನು ತೊಡೆಯ ಮೇಲಿಟ್ಟ.

"ಯಾರಾದ್ರೂ ಒಬ್ಬರು ಬಾರಿಸಿ ಮಾರಾಯ್ರೇ. ಇಬ್ಬರಿಬ್ಬರು ಬೇಸ್ ಹೊಡೆದ್ರೆ ನಾನು ಕಾಲು ಎಲ್ಲಿ ಇಡುವುದು?"

ರೋಹಿತ್ ನನ್ನ ಹತ್ತಿರ ಬಂದ. "ಮೇಲೆ ಶ್ರುತಿಯೇ ಇಲ್ಲ ಮೋನಪ್ಪಣ್ಣ."

"ನಿನಗೆ ಕೇಳಿತಾ?"

"ಕೇಳದೆ ಮತ್ತೆ? ಹಲ್ಲು ಜುಂ ಅಂತು."

ಇಪ್ಪತ್ತೆರಡು ವರ್ಷದಲ್ಲಿ ನನ್ನ ಬೇಸಿನ ಬಗ್ಗೆ ಯಾರಾದರೂ ಇಷ್ಟು ವಿವರವಾಗಿ ಅಭಿಪ್ರಾಯ ಹೇಳಿದ್ದು ಅದೇ ಮೊದಲು. ನಾನು ಗೆದ್ದೆ ಎಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಸಲಾಂ ನೋಡುತ್ತಿದ್ದ, ವಿಜೇತಾ ನೀರು ಕುಡಿಯುತ್ತಾ ನೋಡುತ್ತಿದ್ದಳು, ಅವಳ ಹಾಡನ್ನು ಹಾಳು ಮಾಡಿದವನು ನಾನು. ಇನ್ನು ಸುಳ್ಳು ಹೇಳಿದರೆ ಆ ಗಿಟಾರು ನನ್ನ ಹೆಗಲಲ್ಲಿ ನಿಲ್ಲುತ್ತಿರಲಿಲ್ಲ. ಹೇಳಿದೆ. ಗೆರೆ ಒಂದು ಲೆಕ್ಕ, ತಂತಿ ಇನ್ನೊಂದು ಲೆಕ್ಕ, ಐದರ ಆಚೆ ಹೋದರೆ ಎಲ್ಲ ಸ್ವರವೂ ಇಳಿಯುತ್ತದೆ ಎಂದು. ಇಂಥದ್ದನ್ನು ಒಪ್ಪಿಕೊಂಡು ನನಗೆ ಅಭ್ಯಾಸವಿಲ್ಲ.

"ಗೊತ್ತಿದ್ದೂ ಹೋದ್ರಾ?"

"ಗೊತ್ತಿದ್ದೇ ಹೋದದ್ದು. ನೀನು ಕೇಳಿಸಿಕೊಳ್ತೀಯಾ ಅಂತ ನೋಡ್ಲಿಕ್ಕೆ."

ಅವನಿಗೆ ಸಿಟ್ಟು ಬಂದಿತ್ತು. ಕಿವಿ ಕೆಂಪಾಗಿತ್ತು. ಅವನ ಅಪ್ಪನಿಗೂ ಹಾಗೆಯೇ ಕಿವಿ ಮೊದಲು ಕೆಂಪಾಗುತ್ತಿತ್ತು, ಆ ಮನುಷ್ಯನ ಜೊತೆ ಜಗಳ ಮಾಡಲಿಕ್ಕಾದರೂ ಆಗುತ್ತಿತ್ತು. ನನಗೆ ಸ್ವಲ್ಪ ಸಮಾಧಾನವಾಯಿತು.

"ಏನೂ ಒತ್ತದೆ ಬಾರಿಸಿ ಒಮ್ಮೆ," ಎಂದ.

ದಪ್ಪ ತಂತಿಯನ್ನು ಮೀಟಿದೆ. ಅವನ ಎಡಗೈ ಸುಮ್ಮನಿದ್ದ ಕಾರಣ ಈಗ ಅದು ಒಂದೇ ಹೊರಟಿತು. ವೇದಿಕೆಯ ಹಲಗೆ ನಮ್ಮ ಕಾಲಡಿಯಲ್ಲಿ ನಡುಗಿತು. ಸಲಾಂನ ಡ್ರಮ್ಮು ತಾನಾಗಿ ಗುಯ್ ಎಂದಿತು. ಆ ದನಿ ಮುಗಿಯಲು ಬಹಳ ಹೊತ್ತು ತೆಗೆದುಕೊಂಡಿತು. ಆಮೇಲೆ ರೋಹಿತ್ ಹೋಗಿ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದ. ಎಡಗೈ ಕಡೆಯ ಕೆಂಪು ದೀಪ ಆರಿತು.

"ಐದರ ಒಳಗೆ ಬಾರಿಸಿ. ಒಂದು ಗೆರೆ ದಾಟಿದ್ರೂ ಪುನಃ ಹಾಕ್ತೇನೆ. ಮುಂದಿನ ಕಾರ್ಯಕ್ರಮಕ್ಕೆ ಮೊದಲು ಸರಿ ಮಾಡಿಸಿ."

ಮುಂದಿನ ಕಾರ್ಯಕ್ರಮ ಎಂದ. ಅದನ್ನು ನಾನು ಎರಡನೇ ಸಲ ಕೇಳಲಿಲ್ಲ, ಅವನು ಮನಸ್ಸು ಬದಲಿಸಿದರೆ ಕಷ್ಟ.

ಉಳಿದ ಒಂಬತ್ತು ಹಾಡುಗಳನ್ನು ಐದು ಗೆರೆಯೊಳಗೆ ಬಾರಿಸಿದೆ. ಜನ ಊಟ ಮಾಡಿದರು, ಫೋಟೋ ತೆಗೆಸಿದರು, ಐಸ್‌ಕ್ರೀಮಿಗೆ ಎರಡನೇ ಸಲ ಸಾಲು ನಿಂತರು. ಯಾರೂ ನಮ್ಮನ್ನು ನೋಡಲಿಲ್ಲ. ಸಲಾಂ ಮಾತ್ರ ಎರಡು ಸಲ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಇಳಿಯುವಾಗ ಒಬ್ಬ ಮುದುಕರು ಹತ್ತಿರ ಬಂದು ಗಿಟಾರನ್ನು ತೋರಿಸಿ ಏನೋ ಕೇಳಲು ಹೊರಟರು. ಬಟ್ಟೆ ಒಣಗಿಸಲು ಕಟ್ಟಿದ್ದೇವೆ ಎಂದು ನಾನೇ ಮೊದಲು ಹೇಳಿಬಿಟ್ಟೆ. ಅವರು ಕೇಳಬೇಕೆಂದಿದ್ದದ್ದು ಕೈ ತೊಳೆಯುವ ಜಾಗ ಎಲ್ಲಿ ಎಂದು.

ಮಾರನೆಯ ದಿನ ಪಾಣೆಮಂಗಳೂರಿಗೆ ಹೋದೆ. ಕೋಪ ಮಾಡದೆ ಹೋದ ಕಾರಣ ದಾರಿ ಉದ್ದ ಎನಿಸಿತು. ಕುತ್ತಿಗೆಯ ಮೇಲಿನ ಪಟ್ಟಿ ಕಿತ್ತು ಹೊಸ ಬೀಟಿಯ ಪಟ್ಟಿ ಕೂರಿಸಬೇಕು, ಗೆರೆ ನಾನೇ ಪುನಃ ಕೊಯ್ಯುತ್ತೇನೆ ಎಂದೆ. ಆಚಾರಿಯವರು ಮರದ ರಾಶಿಯಲ್ಲಿ ಕೈಯಾಡಿಸುತ್ತಾ, ಯಾವ ಅಳತೆಗೆ ಎಂದು ಕೇಳಿದರು.

"ಮೂವತ್ತೈದು."

ಮೂವತ್ತೈದು ಇಂಚು ಎಳೆದು ಕಟ್ಟಿದ್ದರಿಂದಲೇ ಆ ದಪ್ಪ ತಂತಿಗೆ ಅಂಥ ಬಿಗಿ ಬಂದದ್ದು ಎಂದು ನನಗೆ ಗೊತ್ತಿತ್ತು. ಅದನ್ನು ಹೇಳಲಿಲ್ಲ. ಹೇಳಿದರೆ ಅವರು ಇಡೀ ಪಾಣೆಮಂಗಳೂರಿಗೆ ಹೇಳುತ್ತಾರೆ. ಬ್ರಿಜ್ಜು ಕೀಳಲು ಆಗುವುದಿಲ್ಲ, ಬೇರೆ ದಾರಿ ಇಲ್ಲ ಎಂದೆ. ಅವರು ನಂಬಿದ ಹಾಗೆ ತಲೆಯಾಡಿಸಿದರು.

ಆಮೇಲೆ ಗಿಟಾರನ್ನು ಜಗಲಿಯಲ್ಲಿ ಮಲಗಿಸಿ, ಟೇಪು ತೆಗೆದು, ಯಾರೂ ಹೇಳದಿದ್ದರೂ ಹೊಟ್ಟೆಯ ಅಗಲ ಅಳೆದರು.

"ಹದಿನಾಲ್ಕು," ಎಂದರು. "ಆರು ಉಳಿಯಿತು. ಇದು ಖರಾಯ ಮೋನಪ್ಪ. ಕತ್ತೆ. ಒಂದು ಇಂಚು ತೆಗೆಯುವ, ಐದು ಉಳಿದು ವೃಷಭ ಆಗ್ತದೆ."

ಅದು ನನ್ನ ಹೆಗಲಿನಿಂದ ತೂಗುವಂಥದ್ದು, ನನ್ನ ಜೊತೆಗೆ ಕತ್ತೆಯೇ ಸರಿ, ಕೈ ಹಾಕಬೇಡಿ ಎಂದೆ. ಅವರು ಒಪ್ಪಲಿಲ್ಲ. ಗಿಟಾರು ಈಗ ಅವರ ಜಗಲಿಯಲ್ಲಿದೆ. ದಿನಾ ಬೆಳಿಗ್ಗೆ ಹೋಗಿ ಅಗಲ ಅಳೆದು ಬರುತ್ತೇನೆ. ಇವತ್ತಿನವರೆಗೆ ಹದಿನಾಲ್ಕೇ ಇದೆ. ಕುಸುಮ ಆಚಾರಿಯವರ ಕಡೆ.